ನಾಣ್ಯಗಳು ಊರು ಸೇರಿದವು, ಪಾದ್ರಿ ಸೇರಲಿಲ್ಲ

1831ರಲ್ಲಿ ವಾರ್ಸಾದ ಟಂಕಸಾಲೆಯಲ್ಲಿ ಒಂದು ಕಳ್ಳ ಕೆಲಸ ನಡೆಯಿತು. ಹಿಂದಿನ ವರ್ಷದ ನವೆಂಬರಿನಲ್ಲಿ ಪೋಲೆಂಡಿನ ಜನ ರಷ್ಯಾದ ಜಾರ್ ದೊರೆಯ ವಿರುದ್ಧ ಬಂಡೆದ್ದಿದ್ದರು. ಯುದ್ಧಕ್ಕೆ ಬಂದೂಕು ಬೇಕು, ಬಂದೂಕಿಗೆ ಹೊರದೇಶದ ವ್ಯಾಪಾರಿ ಬೇಕು, ವ್ಯಾಪಾರಿಗೆ ಚಿನ್ನ ಬೇಕು. ಇಂದು ಇದ್ದು ನಾಳೆ ಇಲ್ಲವಾಗಬಹುದಾದ ಸರ್ಕಾರದ ನಾಣ್ಯವನ್ನು ಯಾರು ಮುಟ್ಟುತ್ತಾರೆ? ಹಾಗಾಗಿ ಬಂಡಾಯಗಾರರು ಯುರೋಪಿನಾದ್ಯಂತ ಎಲ್ಲರೂ ಕಣ್ಣುಮುಚ್ಚಿ ತೆಗೆದುಕೊಳ್ಳುತ್ತಿದ್ದ ಡಚ್ಚರ ಡುಕಾಟ್ ನಾಣ್ಯವನ್ನೇ ಅಚ್ಚುಹಾಕಿದರು. ಅದೇ ಕವಚ ತೊಟ್ಟ ಯೋಧ, ಅವನ ಕೈಯಲ್ಲಿ ಅದೇ ಕತ್ತಿ, ಅದೇ ಬಾಣಗಳ ಕಟ್ಟು, ಅದೇ ಲ್ಯಾಟಿನ್ ಬರಹ. ತೂಕವೂ ಅಷ್ಟೇ, ಮೂರೂವರೆ ಗ್ರಾಂ. ಒಂದೇ ಒಂದು ವ್ಯತ್ಯಾಸವೆಂದರೆ, ಟಂಕಸಾಲೆಯ ಗುರುತು ಇರಬೇಕಾದ ಕಡೆ ಎಳ್ಳುಕಾಳಿನಷ್ಟು ದೊಡ್ಡ ಹದ್ದು. ಪೋಲೆಂಡಿನ ಹದ್ದು.

ಇದರಲ್ಲಿ ಇನ್ನೊಂದು ತಮಾಷೆಯಿದೆ. ಅವರು ಯಾರ ವಿರುದ್ಧ ಬಂಡೆದ್ದಿದ್ದರೋ ಆ ಜಾರ್ ದೊರೆಯ ಪೀಟರ್ಸ್‌ಬರ್ಗ್ ಟಂಕಸಾಲೆಯೂ ಅನೇಕ ವರ್ಷಗಳಿಂದ ಗುಟ್ಟಾಗಿ ಇದೇ ಡಚ್ ಡುಕಾಟ್‌ಗಳನ್ನು ತಯಾರಿಸುತ್ತಿತ್ತು. ಎರಡೂ ಕಡೆಯವರು ಮೂರನೆಯವರ ಹೆಸರಿನಲ್ಲಿ ಲೇವಾದೇವಿ ನಡೆಸಿದರು. ಆದರೆ ಸಾಮ್ರಾಜ್ಯ ತನ್ನ ಹೆಸರನ್ನು ಮುಚ್ಚಿಟ್ಟುಕೊಂಡಿತು, ಬಂಡಾಯಗಾರರಿಗೆ ಆ ಪುಟ್ಟ ಹದ್ದನ್ನು ಕೂರಿಸದೆ ಇರಲಾಗಲಿಲ್ಲ. 1831ರ ಶರತ್ಕಾಲದ ಹೊತ್ತಿಗೆ ಬಂಡಾಯ ಮುರಿದುಬಿತ್ತು. ನಾಣ್ಯಗಳು ಉಳಿದವು.

ಪೋಲೆಂಡಿನ ನಾಣ್ಯಗಳ ಹಿಂದೆ ಬಿದ್ದವರಿಗೆ ಈ ರೀತಿಯ ಕಥೆಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ. 1795ರಲ್ಲಿ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಮೂವರೂ ಸೇರಿ ಆ ದೇಶವನ್ನು ಹಂಚಿಕೊಂಡು ಮುಗಿಸಿದ ಮೇಲೆ 123 ವರ್ಷ ಭೂಪಟದಲ್ಲಿ ಪೋಲೆಂಡ್ ಎಂಬ ಸ್ವತಂತ್ರ ದೇಶವೇ ಇರಲಿಲ್ಲ. ಆ ಅವಧಿಯ ನಾಣ್ಯಗಳು ಒಂದೊಂದೂ ಒಂದೊಂದು ಅರ್ಜಿ ಇದ್ದಂತೆ. 1813ರಲ್ಲಿ ರಷ್ಯನ್ ಸೇನೆ ಜಾಮೋಶ್ಚ್ ಕೋಟೆಗೆ ಮುತ್ತಿಗೆ ಹಾಕಿದಾಗ ಒಳಗಿದ್ದವರು ಸೈನಿಕರ ಸಂಬಳಕ್ಕಾಗಿ ತಾವೇ ನಾಣ್ಯ ಹೊಡೆದರು. ಅದರ ಮೇಲೆ ಬರೆಸಿದ್ದು ದೊರೆಯ ಬಿರುದಲ್ಲ, ಒಂದು ಪ್ರಾರ್ಥನೆ: ದೇವರೇ, ತಾಯ್ನಾಡಿಗೆ ನಿಷ್ಠರಾದವರಿಗೆ ನೆರವಾಗು. 1835ರಲ್ಲಿ ಕ್ರಾಕೋವ್ ಎಂಬ ಒಂದೇ ಊರಿನ ಪುಟ್ಟ ಗಣರಾಜ್ಯ ತನ್ನ ಹೆಸರಿನಲ್ಲಿ ನಾಣ್ಯ ತಂದಿತು. ಆದರೆ ಅವು ತಯಾರಾದದ್ದು ವಿಯೆನ್ನಾದಲ್ಲಿ. ವಾರ್ಸಾ ಬಂಡಾಯ ಸೋತ ಮೇಲೆ ಬಂದ ನಾಣ್ಯಗಳಲ್ಲಿ ರಷ್ಯಾದ ರೂಬಲ್ ಮತ್ತು ಪೋಲೆಂಡಿನ ಝ್ವಾಟಿ ಎರಡು ಬೆಲೆಗಳೂ ಒಂದೇ ಮುಖದ ಮೇಲೆ ಕೂತಿವೆ: ಒಂದೂವರೆ ರೂಬಲ್, ಅದರ ಜೊತೆಗೇ ಹತ್ತು ಝ್ವಾಟಿ. ಆಮೇಲೆ ಝ್ವಾಟಿ ಮಾಯವಾಯಿತು. 1860ರ ದಶಕ ಮುಗಿಯುವ ಮೊದಲೇ ವಾರ್ಸಾದ ಟಂಕಸಾಲೆಯ ಬಾಗಿಲೂ ಮುಚ್ಚಿತು.

ಈ ಹಿನ್ನೆಲೆ ಗೊತ್ತಿದ್ದರೆ, ನಾನು ಹೇಳಹೊರಟ ಪಾದ್ರಿಯ ಹುಚ್ಚು ಅರ್ಥವಾಗುತ್ತದೆ.

ಅವರ ಹೆಸರು ಯೂಝೆಫ್ ಯಾಝೆಂಬೋವ್ಸ್ಕಿ. 1897ರಲ್ಲಿ ವಾರ್ಸಾದಲ್ಲಿ ಹುಟ್ಟಿದರು. ಸೇರಿದ್ದು ಮರಿಯನ್ ಸಭೆಯನ್ನು. ಈ ಸಭೆಯ ಇತಿಹಾಸವೇ ಒಂದು ವಿಚಿತ್ರ. 1673ರಲ್ಲಿ ಪೋಲೆಂಡಿನಲ್ಲೇ ಹುಟ್ಟಿದ ಈ ಸನ್ಯಾಸಿ ಸಭೆಯನ್ನು ಪೋಲರು ರಷ್ಯಾದ ವಿರುದ್ಧ ಮತ್ತೊಮ್ಮೆ ಎದ್ದ 1863ರ ಬಂಡಾಯದ ನಂತರ ಜಾರ್ ಆಡಳಿತ ಉಸಿರುಗಟ್ಟಿಸಿತು. ಬಂಡಾಯಕ್ಕೆ ಮಠಗಳು ನೆರಳು ಕೊಟ್ಟವು ಎಂಬುದು ಆರೋಪ. ಮಠಗಳನ್ನು ಮುಚ್ಚಿಸಿದರು, ಹೊಸಬರನ್ನು ಸೇರಿಸಿಕೊಳ್ಳಬಾರದು ಎಂದು ಕಟ್ಟಪ್ಪಣೆ ಮಾಡಿದರು. ಇದ್ದವರು ಒಬ್ಬೊಬ್ಬರಾಗಿ ಮುದಿಯಾಗಿ ಸತ್ತು, ಇಪ್ಪತ್ತನೆಯ ಶತಮಾನದ ಮೊದಲ ದಶಕ ಮುಗಿಯುವಾಗ ಇಡೀ ಸಭೆಯಲ್ಲಿ ಉಳಿದದ್ದು ಒಬ್ಬನೇ ಒಬ್ಬ ವೃದ್ಧ. 1909ರಲ್ಲಿ ಯೂರ್ಗಿಸ್ ಮಾಟುಲೈಟಿಸ್ ಎಂಬ ಪಾದ್ರಿ ವಾರ್ಸಾದಲ್ಲಿ ಗುಟ್ಟಾಗಿ ವ್ರತ ಸ್ವೀಕರಿಸಿ ಸಭೆಯನ್ನು ಮತ್ತೆ ಬೆಳೆಸಿದರು. ನಾಣ್ಯ ಸಂಗ್ರಾಹಕರು ಬಾಯಿಬಿಟ್ಟುಕೊಂಡು ನೋಡುವ, ಜಗತ್ತಿನಲ್ಲಿ ಒಂದೇ ಪ್ರತಿ ಉಳಿದಿರುವ ವಸ್ತುವಿನ ಸ್ಥಿತಿಗೆ ಆ ಸಭೆ ತಲುಪಿತ್ತು. ಹುಡುಗ ಯೂಝೆಫ್ ಬಂದು ಸೇರಿದ್ದು ಇಂಥ ಮನೆಗೆ. ಅವರು ಮುಂದೆ ಜೀವನಪೂರ್ತಿ 1863ರ ಬಂಡಾಯದ ಕುರುಹುಗಳನ್ನೇ ಹುಡುಕಿದ್ದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ. ಅದು ದೇಶದ ಇತಿಹಾಸ ಮಾತ್ರವಾಗಿರಲಿಲ್ಲ, ಅವರ ಮಠದ ಮನೆಕಥೆಯೂ ಆಗಿತ್ತು.

1923ರಲ್ಲಿ ಪಾದ್ರಿಯಾದ ಅವರು ವಾರ್ಸಾದ ಅಂಚಿನ ಬಿಯೆಲಾನಿಯಲ್ಲಿ ಸಭೆಯ ಶಾಲೆಯ ಮೇಷ್ಟರಾದರು. ಪೋಲಿಷ್ ಸಾಹಿತ್ಯ ಅವರ ವಿಷಯ. ಬಂಡಾಯದ ಕೊನೆಯ ನಾಯಕ ರೋಮುವಾಲ್ಡ್ ಟ್ರೌಗುಟ್ ಬಗ್ಗೆ ಅವರಿಗೆ ಭಕ್ತಿಯೇ ಇತ್ತು. ರಷ್ಯನ್ ಸೇನೆಯಲ್ಲಿ ಅಧಿಕಾರಿಯಾಗಿದ್ದು, ನಂತರ ಅದರ ವಿರುದ್ಧವೇ ನಿಂತು, 1864ರ ಆಗಸ್ಟ್ 5ರಂದು ವಾರ್ಸಾದ ಕೋಟೆಯ ಬಳಿ ಗಲ್ಲಿಗೇರಿದವನು ಆತ. ಅವನ ಜೀವನವನ್ನು ಬರೆಯಲು ಕುಳಿತ ಮೇಷ್ಟರಿಗೆ ಕಾಗದಪತ್ರ ಬೇಕಾಯಿತು. ಕಾಗದದ ಹಿಂದೆ ಉಂಗುರ ಬಂತು, ಉಂಗುರದ ಹಿಂದೆ ಪದಕ, ಪದಕದ ಹಿಂದೆ ನಾಣ್ಯ. ಸಂಗ್ರಹದ ಚಟ ಹತ್ತುವುದು ಸಾಮಾನ್ಯವಾಗಿ ಹೀಗೆಯೇ. ಬೇಕೆಂದು ಯಾರೂ ಹಚ್ಚಿಕೊಳ್ಳುವುದಿಲ್ಲ.

ಹಾಗೆಂದು ಅವರು ಮೊದಲಿಗರೇನೂ ಅಲ್ಲ. ಪೋಲೆಂಡಿನಲ್ಲಿ ಪಾದ್ರಿಗೂ ನಾಣ್ಯಕ್ಕೂ ಹಳೆಯ ನಂಟಿದೆ. ಕೊನೆಯ ದೊರೆ ಸ್ತಾನಿಸ್ವಾವ್ ಆಗುಸ್ತ್‌ನ ನಾಣ್ಯ ಭಂಡಾರವನ್ನು ನೋಡಿಕೊಂಡವರು ಯಾನ್ ಆಲ್ಬರ್ಟ್ರಾಂಡಿ ಎಂಬ ಜೆಸ್ಯುಯಿಟ್ ಪಾದ್ರಿ. ಅವರದು ಇಟಲಿಯಿಂದ ಬಂದು ನೆಲೆಸಿದ ಕುಟುಂಬ. ಪಾದ್ರಿಗಳಲ್ಲದವರಲ್ಲಿ ನನಗೆ ಇಷ್ಟವಾದವರು ಕರೋಲ್ ಬೆಯರ್. ವಾರ್ಸಾದ ಹೆಸರಾಂತ ಛಾಯಾಗ್ರಾಹಕರಾಗಿದ್ದ ಅವರು ನಾಣ್ಯಶಾಸ್ತ್ರದ ದೊಡ್ಡ ಪಂಡಿತರೂ ಹೌದು. 1861ರಲ್ಲಿ ರಷ್ಯನ್ ಸೈನಿಕರು ಮೆರವಣಿಗೆಯ ಮೇಲೆ ಗುಂಡು ಹಾರಿಸಿ ಐವರನ್ನು ಕೊಂದಾಗ ಆ ಐವರ ಹೆಣಗಳ ಚಿತ್ರ ತೆಗೆದು ಹಂಚಿದವರು ಅವರು. ಮುಂದೆ ಗಡೀಪಾರು ಶಿಕ್ಷೆ ಅನುಭವಿಸಿದರು. ಇನ್ನು ಎಮೆರಿಕ್ ಹುಟ್ಟೆನ್ ಚಾಪ್‌ಸ್ಕಿ ರಷ್ಯಾ ಸರ್ಕಾರದಲ್ಲಿ ಗವರ್ನರ್ ಆಗಿದ್ದುಕೊಂಡೇ ಪೋಲೆಂಡಿನ ಅಪರೂಪದ ನಾಣ್ಯಗಳನ್ನೆಲ್ಲ ಕೂಡಿಹಾಕಿ, ಸಾಯುವ ಎರಡು ವರ್ಷ ಮೊದಲು, 1894ರಲ್ಲಿ ಅವನ್ನು ಕ್ರಾಕೋವ್‌ಗೆ ಸಾಗಿಸಿದರು. ಕುಟುಂಬ ಅದನ್ನು 1903ರಲ್ಲಿ ಊರಿಗೇ ದಾನ ಕೊಟ್ಟಿತು. ಹಗಲು ಜಾರ್ ದೊರೆಯ ಕಚೇರಿ, ರಾತ್ರಿ ಪೋಲಿಷ್ ದೊರೆಗಳ ಮುಖ. ಈ ಎರಡು ಬಾಳನ್ನು ಆತ ಹೇಗೆ ತೂಗಿಸಿದನೋ ಎಂದು ಯೋಚಿಸಿದಾಗಲೆಲ್ಲ ನನಗೆ ಕುತೂಹಲವೂ ಆಗುತ್ತದೆ, ಸ್ವಲ್ಪ ಕಸಿವಿಸಿಯೂ ಆಗುತ್ತದೆ.

ಸಂಗ್ರಹವನ್ನು ಎಲ್ಲಿಡಬೇಕು ಎಂಬ ಪ್ರಶ್ನೆ ಅವರೆಲ್ಲರನ್ನೂ ಕಾಡಿತ್ತು. ಸ್ವಿಟ್ಜರ್ಲೆಂಡಿನ ರಾಪರ್ಸ್‌ವಿಲ್ ಕೋಟೆಯಲ್ಲಿ 1870ರಲ್ಲಿ ದೇಶಭ್ರಷ್ಟ ಪೋಲರು ಒಂದು ವಸ್ತುಸಂಗ್ರಹಾಲಯ ತೆರೆದರು. ದೇಶ ಸ್ವತಂತ್ರವಾದರೆ ಎಲ್ಲವೂ ದೇಶಕ್ಕೆ ಎಂಬುದು ಅವರ ಸಂಕಲ್ಪ. 1918ರಲ್ಲಿ ದೇಶ ಸ್ವತಂತ್ರವಾಯಿತು. 1927ರಲ್ಲಿ ಸಂಗ್ರಹವೆಲ್ಲ ಸಂಭ್ರಮದಿಂದ ವಾರ್ಸಾಕ್ಕೆ ಬಂತು. 1944ರಲ್ಲಿ ಜರ್ಮನ್ನರು ವಾರ್ಸಾವನ್ನು ಸುಟ್ಟಾಗ ಅದರ ಬಹುಭಾಗ ಬೂದಿಯಾಯಿತು. ಪರದೇಶದಲ್ಲಿ ಐವತ್ತೇಳು ವರ್ಷ ಸುರಕ್ಷಿತವಾಗಿದ್ದದ್ದು ಸ್ವದೇಶದಲ್ಲಿ ಹದಿನೇಳು ವರ್ಷವೂ ಬಾಳಲಿಲ್ಲ. ಇದಕ್ಕೆ ಪ್ರತಿಯಾಗಿ, ಕ್ರಾಕೋವ್‌ನ ವಾವೆಲ್ ಅರಮನೆಯ ಚಿತ್ರಗಂಬಳಿಗಳನ್ನೂ ಪಟ್ಟಾಭಿಷೇಕದ ಖಡ್ಗವನ್ನೂ ಯುದ್ಧ ಶುರುವಾದೊಡನೆ ದೇಶದಿಂದ ಹೊರಗೊಯ್ದು 1940ರಲ್ಲಿ ಕೆನಡಾ ಮುಟ್ಟಿಸಿದ್ದರು. ಅವು ಉಳಿದವು, ಮರಳಿ ಬಂದದ್ದು 1959 ಮತ್ತು 1961ರಲ್ಲಿ.

ಯಾಝೆಂಬೋವ್ಸ್ಕಿ ಅವರೂ ಆ ಯುದ್ಧದಲ್ಲಿಯೇ ದೇಶ ಬಿಟ್ಟರು. ಅವರಿಗೆ ಕ್ಷಯದ ತೊಂದರೆ ಇತ್ತು. ವಿಲ್ನಿಯಸ್‌ನಲ್ಲಿ ಅವರು ಮಿಖಾವ್ ಸೊಪೊಚ್ಕೊ ಎಂಬ ಪಾದ್ರಿಯನ್ನು ಭೇಟಿಯಾದರು. ಯೇಸುವಿನ ದರ್ಶನವಾಯಿತೆಂದು ಹೇಳಿ ದೈವಕರುಣೆಯ ಭಕ್ತಿಗೆ ಕಾರಣರಾದ, 1938ರಲ್ಲಿ ತೀರಿಕೊಂಡ ಸನ್ಯಾಸಿನಿ ಸಿಸ್ಟರ್ ಫೌಸ್ಟೀನಾ ಅವರ ಗುರುಗಳವರು. ದೈವಕರುಣೆಯ ಭಕ್ತಿಯ ಬಗ್ಗೆ ಸೊಪೊಚ್ಕೊ ಬರೆದ ಟಿಪ್ಪಣಿ ಯಾಝೆಂಬೋವ್ಸ್ಕಿಯವರ ಚೀಲ ಸೇರಿತು. ಜೀವಂತವಾಗಿ ಅಮೆರಿಕ ತಲುಪಿದರೆ ಇದನ್ನು ಸಾರುತ್ತೇನೆ ಎಂದು ಅವರು ಹರಕೆ ಹೊತ್ತರು. 1941ರ ಆರಂಭದಲ್ಲಿ ಸೋವಿಯತ್ ಹಿಡಿತದ ವಿಲ್ನಿಯಸ್ ಬಿಟ್ಟು ಸೈಬೀರಿಯಾ ರೈಲು ಹತ್ತಿ ವ್ಲಾದಿವೊಸ್ಟಾಕ್, ಅಲ್ಲಿಂದ ಜಪಾನ್, ಅಲ್ಲಿಂದ ಮೇ ತಿಂಗಳಲ್ಲಿ ಅಮೆರಿಕ. ಅವರ ಬಳಿಯಿದ್ದ ಅಮೆರಿಕದ ವೀಸಾದ ಅವಧಿ ಮುಗಿದಿತ್ತು ಎಂದು ಅವರ ಸಭೆಯವರು ಇಂದಿಗೂ ಭಕ್ತಿಯಿಂದ ಹೇಳುತ್ತಾರೆ. ಪವಾಡದ ಲೆಕ್ಕ ನನಗೆ ತಿಳಿಯದು. ಆದರೆ ಅವರು ಹೊರಟ ಕೆಲವೇ ತಿಂಗಳಲ್ಲಿ, ಜೂನ್ 22ರಂದು, ಜರ್ಮನಿ ಸೋವಿಯತ್ ದೇಶದ ಮೇಲೆ ಬಿತ್ತು. ಅಷ್ಟರಲ್ಲಿ ಅವರು ಪೆಸಿಫಿಕ್ ಸಾಗರ ದಾಟಿಯಾಗಿತ್ತು. ಇಂದು ಕೇರಳದಿಂದ ಮಂಗಳೂರಿನವರೆಗೆ ಎಷ್ಟೋ ಚರ್ಚುಗಳಲ್ಲಿ ಕಾಣುವ, ಎದೆಯಿಂದ ಕೆಂಪು ಮತ್ತು ಬಿಳಿ ಕಿರಣ ಹೊಮ್ಮುವ ಯೇಸುವಿನ ಚಿತ್ರದ ಭಕ್ತಿ ಅಮೆರಿಕದಲ್ಲಿ ಬೇರೂರಿದ್ದು ಈ ಮೇಷ್ಟರ ಚೀಲದ ಕಾಗದಗಳಿಂದ. ಧರ್ಮದ ಇತಿಹಾಸದಲ್ಲಿ ಅವರ ಹೆಸರು ಉಳಿದಿರುವುದೂ ಅದಕ್ಕಾಗಿಯೇ. ನಾಣ್ಯಗಳ ವಿಷಯ ಅಲ್ಲಿ ಅಡಿಟಿಪ್ಪಣಿ.

ಅಮೆರಿಕದಿಂದ ಅವರು ಮೆಕ್ಸಿಕೊಗೆ ಹೋದರು. ಅಲ್ಲಿ ನಮ್ಮ ಕಡೆಯ ಒಂದು ಎಳೆ ಸೇರಿಕೊಳ್ಳುತ್ತದೆ. ಸ್ಟಾಲಿನ್ ಸೈಬೀರಿಯಾಕ್ಕೆ ಅಟ್ಟಿದ್ದ ಪೋಲಿಷ್ ಕುಟುಂಬಗಳು 1942ರಲ್ಲಿ ಇರಾನಿನ ಮೂಲಕ ಹೊರಬಂದಾಗ ಸಾವಿರಾರು ಹೆಂಗಸರು ಮಕ್ಕಳಿಗೆ ಆಶ್ರಯ ಸಿಕ್ಕಿದ್ದು ಭಾರತದಲ್ಲಿ. ಜಾಮ್‌ನಗರದ ಬಳಿ ಒಂದು ಮಕ್ಕಳ ಶಿಬಿರ, ಕೊಲ್ಲಾಪುರದ ಬಳಿಯ ವಳಿವಡೆಯಲ್ಲಿ ಸುಮಾರು ಐದು ಸಾವಿರ ಜನರ ಇನ್ನೊಂದು ಶಿಬಿರ. ಬೆಳಗಾವಿಯಿಂದ ಅದು ದೂರವೇನಲ್ಲ, ಆದರೂ ನಮ್ಮಲ್ಲಿ ಅದರ ಬಗ್ಗೆ ಕೇಳಿದವರು ಕಡಿಮೆ. ಆ ನಿರಾಶ್ರಿತರ ಪೈಕಿ ಸುಮಾರು 1,400 ಜನ 1943ರಲ್ಲಿ ಮುಂಬಯಿ ಬಂದರಿನಿಂದ ಅಮೆರಿಕದ ಹರ್ಮಿಟೇಜ್ ಎಂಬ ಹಡಗಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ, ಅಲ್ಲಿಂದ ರೈಲಿನಲ್ಲಿ ಮೆಕ್ಸಿಕೊದ ಲೆಯೊನ್ ಪಟ್ಟಣದ ಬಳಿಯ ಸಾಂತಾ ರೋಸಾ ಎಂಬ ಹಳೆಯ ಜಮೀನ್ದಾರಿ ಮನೆಗೆ ಹೋದರು. ಯಾಝೆಂಬೋವ್ಸ್ಕಿ ಅವರ ನಡುವೆ ಹೋಗಿ ನೆಲೆಸಿದರು. ಮತ್ತೆ ಪಾಠ, ಮತ್ತೆ ಮಕ್ಕಳು. ತಮ್ಮ ದೇಶದ ನೆನಪೇ ಮಸುಕಾದ, ಕೆಲವರಿಗೆ ತಂದೆತಾಯಿಯರೂ ಇಲ್ಲದ ಮಕ್ಕಳು.

ಆ ಹೊತ್ತಿನಲ್ಲಿ ಪೋಲೆಂಡಿನ ಒಳಗೆ ಏನು ಚಲಾವಣೆಯಲ್ಲಿತ್ತು ಗೊತ್ತೇ? ಜರ್ಮನ್ನರು ವಾರ್ಸಾದಲ್ಲಿ ಅಚ್ಚುಹಾಕಿಸುತ್ತಿದ್ದ ಸತುವಿನ ಚಿಲ್ಲರೆ. ಹೊಸ ಅಚ್ಚು ಕೆತ್ತುವ ಗೋಜಿಗೆ ಹೋಗದೆ ಯುದ್ಧಪೂರ್ವದ ವಿನ್ಯಾಸವನ್ನೇ ಬಳಸಿದ್ದರಿಂದ, 1941ರಲ್ಲಿ ತಯಾರಾದ ಇಪ್ಪತ್ತು ಗ್ರೋಶ್ ನಾಣ್ಯದ ಮೇಲೂ 1923 ಎಂಬ ಇಸವಿಯೇ ಇದೆ. ಪೋಲೆಂಡಿನ ಕಿರೀಟ ಹೊತ್ತ ಹದ್ದೂ ಇದೆ. ದೇಶ ನುಂಗಿದವನ ಜೇಬಿನಲ್ಲಿ ದೇಶದ ಲಾಂಛನ! ಇಂದು ಆ ಸತುವಿನ ನಾಣ್ಯಗಳು ಹಳೆಯ ವಸ್ತುಗಳ ಅಂಗಡಿಗಳಲ್ಲಿ ಚಹಾದ ಬೆಲೆಗೆ ಸಿಗುತ್ತವೆ. ದುಬಾರಿಯಾದದ್ದೇ ಅಪರೂಪದ್ದು ಎಂದು ನಂಬಿರುವ ಸಂಗ್ರಾಹಕರೊಡನೆ ನನ್ನ ಜಗಳ ಇರುವುದು ಇಲ್ಲಿಯೇ. 1621ರಲ್ಲಿ ಬಿದ್‌ಗೋಷ್ಚ್‌ನಲ್ಲಿ ಮೂರನೆಯ ಸಿಗಿಸ್ಮಂಡ್ ದೊರೆಗಾಗಿ ಹೊಡೆದ ನೂರು ಡುಕಾಟ್ ಚಿನ್ನದ ನಾಣ್ಯ ಸುಮಾರು 350 ಗ್ರಾಂ ತೂಗುತ್ತದೆ, 2018ರಲ್ಲಿ ಅದು ನ್ಯೂಯಾರ್ಕಿನಲ್ಲಿ ಇಪ್ಪತ್ತು ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹರಾಜಾಯಿತು. ಸರಿ, ಅದ್ಭುತವೇ. ಆದರೆ ಅದು ಗೆದ್ದವನ ನಾಣ್ಯ. ಒಬ್ಬ ಸಾಮಾನ್ಯ ಹೆಂಗಸು ಅದರಿಂದ ರೊಟ್ಟಿ ಕೊಂಡಿಲ್ಲ.

ಯುದ್ಧ ಮುಗಿದಾಗ ಪೋಲೆಂಡ್ ಸ್ಟಾಲಿನ್ ಪಾಲಾಯಿತು. 1945ರ ಜುಲೈನಲ್ಲಿ ಬ್ರಿಟನ್ ಮತ್ತು ಅಮೆರಿಕ ಲಂಡನ್ನಿನಲ್ಲಿದ್ದ ದೇಶಭ್ರಷ್ಟ ಪೋಲಿಷ್ ಸರ್ಕಾರಕ್ಕೆ ಕೊಟ್ಟಿದ್ದ ಮಾನ್ಯತೆಯನ್ನು ಹಿಂದಕ್ಕೆ ಪಡೆದವು. ಬ್ರಿಟನ್ನಿನ ಪರವಾಗಿ ಹೋರಾಡಿದ ಪೋಲಿಷ್ ಸೈನಿಕರು ಊರಿಗೆ ಹೋಗಲಾಗದೆ ಅಲ್ಲಿಯೇ ಉಳಿದರು. ತಮ್ಮೊಂದಿಗೆ ತಂದಿದ್ದ ಕತ್ತಿ, ಉಂಗುರ, ಹಸ್ತಪ್ರತಿ, ಹಳೆಯ ನಾಣ್ಯಗಳನ್ನು ಕೆಲವರು ಮಾರಿ ಬದುಕಿದರು, ಕೆಲವರು ಟ್ರಂಕಿನ ತಳದಲ್ಲಿಟ್ಟು ಸತ್ತರು. 1950ರ ಸುಮಾರಿಗೆ ಯಾಝೆಂಬೋವ್ಸ್ಕಿ ಇಂಗ್ಲೆಂಡಿಗೆ ಬಂದಾಗ ಎದುರಾದದ್ದು ಈ ಸ್ಥಿತಿ. 1953ರಲ್ಲಿ ಮರಿಯನ್ ಸಭೆ ಥೇಮ್ಸ್ ದಂಡೆಯ ಹೆನ್ಲಿ ಪಟ್ಟಣದ ಹತ್ತಿರ, ಯುದ್ಧಕಾಲದ ಬಳಕೆಯಿಂದ ಹಾಳುಬಿದ್ದಿದ್ದ ಫಾಲಿ ಕೋರ್ಟ್ ಎಂಬ ಬಂಗಲೆಯನ್ನು ಕೊಂಡುಕೊಂಡಿತು. 1684ರಲ್ಲಿ ಕಟ್ಟಿದ್ದು, ಸುತ್ತ ಉದ್ಯಾನ, ಮುಂದೆ ನದಿ, ನದಿಯಲ್ಲಿ ವರ್ಷಕ್ಕೊಮ್ಮೆ ಇಂಗ್ಲಿಷ್ ಶ್ರೀಮಂತರ ದೋಣಿ ಸ್ಪರ್ಧೆ. ಅಲ್ಲಿ ಪೋಲಿಷ್ ಹುಡುಗರಿಗಾಗಿ ಶಾಲೆ ತೆರೆಯಿತು. ಶಾಲೆಯ ಜೊತೆಯಲ್ಲೇ ಮೇಷ್ಟರ ಸಂಗ್ರಹ ಬೆಳೆಯಿತು: ದೊರೆಗಳ ಸಹಿಯಿರುವ ಪತ್ರಗಳು, ಹಳೆಯ ಮುದ್ರಿತ ಗ್ರಂಥಗಳು, ಖಡ್ಗ ಕವಚಗಳು, ಬಂಡಾಯದ ನೆನಪಿನ ವಸ್ತುಗಳು, ನಾಣ್ಯಗಳು, ಪದಕಗಳು. ಪೋಲೆಂಡಿನ ಹೊರಗಿದ್ದ ಮುಖ್ಯ ಪೋಲಿಷ್ ಸಂಗ್ರಹಗಳಲ್ಲಿ ಅದೂ ಒಂದಾಯಿತು.

ಇಲ್ಲೊಂದು ಸಮಸ್ಯೆಯಿದೆ, ಅದನ್ನು ಅವರ ಅಭಿಮಾನಿಗಳು ಬೇಗ ದಾಟಿಬಿಡುತ್ತಾರೆ. ಸನ್ಯಾಸಿ ಬಡತನದ ವ್ರತ ತೊಟ್ಟವನು. ನಾಣ್ಯ ಸಂಗ್ರಾಹಕನೋ, ನಾನು ಕಂಡಂತೆ, ಜಗತ್ತಿನ ಅತ್ಯಂತ ಸ್ವಾರ್ಥಿ ಪ್ರಾಣಿ. ಅಂಗೈಯಲ್ಲಿ ನಾಣ್ಯ ಹಿಡಿದು ಇದು ನನ್ನದು ಎಂದುಕೊಳ್ಳುವ ಸುಖಕ್ಕಾಗಿಯೇ ನಾವೆಲ್ಲ ಆ ಕಡೆ ಹೋಗುವುದು. ಕ್ಯಾಥೊಲಿಕ್ ಸನ್ಯಾಸಿಗಳ ನಿಯಮದ ಪ್ರಕಾರ ಅವರ ಕೈಗೆ ಬಂದದ್ದೆಲ್ಲ ಸಭೆಗೆ ಸೇರಿದ್ದು. ಅಂದರೆ ಈ ಪಾದ್ರಿ ಬೆನ್ನುಹತ್ತಿ ಹುಡುಕಿ ತಂದ ಒಂದು ನಾಣ್ಯವೂ ಅವರದಲ್ಲ. ಹುಡುಕುವ ಆಸೆ ಅವರದು, ಸಿಕ್ಕ ವಸ್ತು ಇನ್ನೊಬ್ಬರದು. ಇದು ತ್ಯಾಗವೋ, ಅಥವಾ ಆಸೆಗೆ ಸಿಕ್ಕ ಒಂದು ಜಾಣ ಪರವಾನಗಿಯೋ? ಎರಡೂ ಇರಬಹುದು. ಅವರಲ್ಲಿ ಆಸೆ ಇರಲಿಲ್ಲ, ಬರೀ ದೇಶಭಕ್ತಿಯಿತ್ತು ಎನ್ನುವವರನ್ನು ನಾನು ನಂಬುವುದಿಲ್ಲ. ಆಸೆಯಿಲ್ಲದವನು ಕಪಾಟು ತುಂಬಿಸುವುದಿಲ್ಲ. ಆದರೆ ಅವರು ಕೊನೆಯವರೆಗೂ ಮೇಷ್ಟರಾಗಿಯೇ ಇದ್ದರು ಎಂಬುದು ನಿಜ. ಇಂಗ್ಲೆಂಡಿನಲ್ಲಿ ಹುಟ್ಟಿ, ತಂದೆಯ ದೇಶವನ್ನು ಎಂದೂ ನೋಡದ ಹುಡುಗನಿಗೆ ಪೋಲೆಂಡ್ ಎಂದರೆ ಮನೆಯಲ್ಲಿ ಹಿರಿಯರು ಅಳುವ ಒಂದು ವಿಷಯ. ಅವನ ಕೈಗೆ ಹಳೆಯ ದೊರೆಯ ಬೆಳ್ಳಿ ನಾಣ್ಯ ಕೊಟ್ಟರೆ ಅದು ತೂಕವಿರುವ, ತಣ್ಣಗಿರುವ, ಅಂಚು ಸವೆದ ವಸ್ತು. ಅದನ್ನು ಹೊಡೆಸಲು ಒಂದು ಸರ್ಕಾರವಿತ್ತು, ನಂಬಿ ತೆಗೆದುಕೊಂಡ ಜನರಿದ್ದರು. ನಾಣ್ಯಕ್ಕೆ ದೇಶಭಕ್ತಿಯ ಭಾಷಣ ಬೇಕಾಗುವುದಿಲ್ಲ.

ಲಂಡನ್ನಿನ ದೇಶಭ್ರಷ್ಟ ಸರ್ಕಾರವೂ ಬದುಕಿದ್ದು ಬಹುಮಟ್ಟಿಗೆ ವಸ್ತುಗಳ ಬಲದಿಂದಲೇ. ಯಾರೂ ಮಾನ್ಯತೆ ಕೊಡದಿದ್ದರೂ ಅದು ಅಧ್ಯಕ್ಷರ ಮುದ್ರೆಯನ್ನೂ ಸಂವಿಧಾನದ ಮೂಲ ಪ್ರತಿಯನ್ನೂ ಜೋಪಾನ ಮಾಡಿಕೊಂಡು ಬಂತು. 1990ರ ಡಿಸೆಂಬರ್ 22ರಂದು ಅದರ ಕೊನೆಯ ಅಧ್ಯಕ್ಷ ರಿಷಾರ್ಡ್ ಕಚೊರೋವ್ಸ್ಕಿ ವಾರ್ಸಾಕ್ಕೆ ಹೋಗಿ ಅವನ್ನು ಪೋಲೆಂಡಿನ ಹೊಸ ಅಧ್ಯಕ್ಷ ಲೇಖ್ ವಾವೆನ್ಸಾ ಕೈಗೆ ಒಪ್ಪಿಸಿದರು. ಅಷ್ಟು ವರ್ಷ ನಗೆಪಾಟಲಾಗಿ ಕಂಡದ್ದು ಆ ದಿನ ಹಾಗೆ ಕಾಣಲಿಲ್ಲ.

ಯಾಝೆಂಬೋವ್ಸ್ಕಿ ಅದನ್ನು ನೋಡಲಿಲ್ಲ. 1964ರ ಸೆಪ್ಟೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಹೆರಿಸಾವ್‌ನಲ್ಲಿ ತೀರಿಕೊಂಡರು. ದೇಹವನ್ನು ಫಾಲಿ ಕೋರ್ಟ್‌ಗೆ ತಂದು ಬಂಗಲೆಯ ಆವರಣದಲ್ಲೇ ಹೂಳಿದರು. ಅವರ ನಂತರವೂ ಆ ಜಾಗ ಇಂಗ್ಲೆಂಡಿನ ಪೋಲರಿಗೆ ಯಾತ್ರಾಸ್ಥಳವಾಗಿತ್ತು; ಪೆಂತೆಕೋಸ್ತ್ ಹಬ್ಬಕ್ಕೆ ಸಾವಿರಾರು ಜನ ಸೇರುತ್ತಿದ್ದರು. ರಾಜವಂಶಸ್ಥ ಸ್ತಾನಿಸ್ವಾವ್ ರಾಜಿವಿಲ್ ತಮ್ಮ ತಾಯಿಯ ನೆನಪಿಗೆ ಅಲ್ಲೊಂದು ಚರ್ಚು ಕಟ್ಟಿಸಿದರು, 1976ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಅದರ ನೆಲಮಾಳಿಗೆಯಲ್ಲೇ ಆಯಿತು. ಆದರೆ ದೇಶಭ್ರಷ್ಟರ ಮೊಮ್ಮಕ್ಕಳು ಬೇರೆ ಶಾಲೆಗಳಿಗೆ ಹೋದರು. 1986ರಲ್ಲಿ ಶಾಲೆ ಮುಚ್ಚಿತು. ಬಂಗಲೆ ನಡೆಸುವ ಖರ್ಚು ಏರುತ್ತ ಹೋಗಿ, ಸಭೆ ಅದನ್ನು ಮಾರಲು ಹೊರಟಿತು. ಪೋಲಿಷ್ ಸಮುದಾಯ ಪ್ರತಿಭಟಿಸಿತು: ನಮ್ಮ ತಂದೆತಾಯಂದಿರ ದುಡ್ಡಿನಿಂದ ನಿಂತದ್ದನ್ನು ಮಾರಲು ನೀವು ಯಾರು? ಸಭೆಯ ಬಳಿ ಕಾನೂನಿತ್ತು, ಪ್ರತಿಭಟನೆ ನಿಲ್ಲಲಿಲ್ಲ, ಮಾರಾಟವೂ ನಿಲ್ಲಲಿಲ್ಲ. ಸಂಗ್ರಹವೆಲ್ಲ ಪೋಲೆಂಡಿನ ಲಿಖೆನ್‌ಗೆ ಹೋಯಿತು. ಅಲ್ಲಿ ಮರಿಯನ್ ಸಭೆಯೇ ನೋಡಿಕೊಳ್ಳುವ, ದೇಶದ ಅತಿ ದೊಡ್ಡ ಚರ್ಚಾದ ಬಸಿಲಿಕಾ ಇದೆ. ವಸ್ತುಸಂಗ್ರಹಾಲಯಕ್ಕೆ ಯಾಝೆಂಬೋವ್ಸ್ಕಿಯವರ ಹೆಸರನ್ನೇ ಇಟ್ಟಿದ್ದಾರೆ.

ಉಳಿದದ್ದು ಸಮಾಧಿ. ಖಾಸಗಿ ಆಸ್ತಿಯಾದ ಮೇಲೆ ಅಲ್ಲಿಗೆ ಜನ ಹೋಗುವುದು ಹೇಗೆ? ಅವಶೇಷಗಳನ್ನು ತೆಗೆದು ಹೆನ್ಲಿಯ ಫೇರ್‌ಮೈಲ್ ಸಾರ್ವಜನಿಕ ಸ್ಮಶಾನದಲ್ಲಿ ಹೂಳುತ್ತೇವೆ ಎಂದು ಸಭೆ ಸರ್ಕಾರದ ಅನುಮತಿ ಪಡೆಯಿತು. ಸಂಬಂಧಿಯೊಬ್ಬರು ನ್ಯಾಯಾಲಯಕ್ಕೆ ಹೋದರು, ಮೇಲ್ಮನವಿಯಲ್ಲೂ ಸೋತರು. 2012ರಲ್ಲಿ ಸಮಾಧಿ ಅಗೆದು ಸ್ಥಳಾಂತರಿಸಲಾಯಿತು. ಅಲ್ಲಿ ಸಭೆಯ ಇತರ ಪಾದ್ರಿಗಳ ಸಮಾಧಿಗಳೂ ಇವೆ, ಯಾರು ಬೇಕಾದರೂ ಹೋಗಿ ಹೂವಿಡಬಹುದು. ವಾದ ತಪ್ಪಿಲ್ಲ.

ನನ್ನ ತಕರಾರು ಬೇರೆ. ಸಂಗ್ರಹ ಸುರಕ್ಷಿತವಾಗಿ ಪೋಲೆಂಡಿಗೆ ಹೋದದ್ದು ಸರಿ. ರಾಪರ್ಸ್‌ವಿಲ್‌ನವರ ಹಳೆಯ ಸಂಕಲ್ಪವೂ ಅದೇ ಆಗಿತ್ತು. ಆದರೆ ಹೇಗೂ ಸಮಾಧಿ ಅಗೆಯುವುದೇ ಆದಾಗ, ಆ ಮನುಷ್ಯನನ್ನು ಅವರು ಕೂಡಿಟ್ಟ ವಸ್ತುಗಳ ಜೊತೆಗೇ ಕರೆದೊಯ್ಯಬಹುದಿತ್ತಲ್ಲ? ಅವರು ಬದುಕಿನ ಕೊನೆಯ ಭಾಗವನ್ನು ಕೊಟ್ಟದ್ದು ಇಂಗ್ಲೆಂಡಿನ ಪೋಲರಿಗೆ, ಆದ್ದರಿಂದ ಅವರ ನಡುವೆಯೇ ಇರಲಿ ಎಂಬ ಉತ್ತರ ಬರಬಹುದು. ಹಾಗಾದರೆ ನಾಣ್ಯಗಳೂ ಆ ಜನರ ನಡುವೆಯೇ ಇರಬೇಕಿತ್ತು, ಅವುಗಳಲ್ಲಿ ಎಷ್ಟೋ ಅವರ ಟ್ರಂಕಿನಿಂದ ಬಂದಂಥವು. ಎರಡನ್ನು ಎರಡು ದೇಶಕ್ಕೆ ಹಂಚಿದ್ದು ಮಾತ್ರ ನನಗೆ ಹಿಡಿಸಲಿಲ್ಲ.

ಈಚೆಗೆ ಪೋಲೆಂಡಿಗೆ ಓದಲು, ಕೆಲಸಕ್ಕೆ ಹೋಗಿರುವ ಕನ್ನಡಿಗರು ಬಹಳ ಜನ ಇದ್ದಾರೆ. ಕ್ರಾಕೋವ್‌ಗೆ ಹೋದವರು ಉಪ್ಪಿನ ಗಣಿ ನೋಡಿಯೇ ನೋಡುತ್ತಾರೆ, ಅದೇ ಊರಿನ ಚಾಪ್‌ಸ್ಕಿ ನಾಣ್ಯ ಸಂಗ್ರಹಾಲಯಕ್ಕೂ ಅರ್ಧ ದಿನ ಕೊಡಿ. ಲಿಖೆನ್ ಸ್ವಲ್ಪ ಒಳಗಿದೆ. ವಾರ್ಸಾದಿಂದ ಪೊಜ್ನಾನ್ ಕಡೆಗೆ ಹೋಗುವ ರೈಲಿನಲ್ಲಿ ಕೊನಿನ್‌ನಲ್ಲಿ ಇಳಿದು ಮುಂದೆ ರಸ್ತೆಯಲ್ಲಿ ಹೋಗಬೇಕು. ಬಸಿಲಿಕಾ ಎಷ್ಟು ದೊಡ್ಡದೆಂದರೆ ಬಂದವರಲ್ಲಿ ಹೆಚ್ಚಿನವರು ಅದನ್ನೇ ನೋಡಿ ಸುಸ್ತಾಗಿ ಹಿಂದಿರುಗುತ್ತಾರೆ. ಹಾಗೆ ಮಾಡಬೇಡಿ, ಸಂಗ್ರಹಾಲಯವನ್ನು ಮೊದಲು ನೋಡಿ.